ಮಗುವಿನ ಜೊತೆ ಸವಾರಿಗೆ ಇನ್ನೊಂದು ಸೈಕಲ್: ಪಾದ ನೋಡಿ ಆರಿಸಿ

ಕಣಗಿನಹಾಳವಿರಲಿ, ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿರಲಿ, ನಮ್ಮ ಅನೇಕ ಮನೆಗಳಲ್ಲಿ ಅಂಗಳದಲ್ಲೊಂದು ಮೋಟಾರ್ ಬೈಕ್, ಹಿತ್ತಲ ಗೋಡೆಗೊರಗಿ ಒಂದು ಹಳೆಯ ಸೈಕಲ್ ಕಾಣುತ್ತದೆ. ಬೈಕಿಗೆ ದಿನವೂ ಕೆಲಸವಿದೆ. ಸೈಕಲ್ಲಿಗೆ ಕೆಲಸವಿಲ್ಲ. ಕರ್ನಾಟಕ ಸರ್ಕಾರ 2006-07ರಿಂದ ಹಲವು ವರ್ಷಗಳ ಕಾಲ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ 8ನೇ ತರಗತಿಯ ಮಕ್ಕಳಿಗೆ ಸೈಕಲ್ ವಿತರಿಸಿತು. ಅಂದು ಆ ಸೈಕಲ್ ಪಡೆದ ಹುಡುಗಿಯರಲ್ಲಿ ಅನೇಕರು ಇಂದು ತಾಯಂದಿರು. ಅವರ ತವರುಮನೆಗಳಲ್ಲಿ ಆ ಸೈಕಲ್‌ಗಳಲ್ಲಿ ಕೆಲವಾದರೂ ಇನ್ನೂ ಉಳಿದಿರಬಹುದು.

ಮಗುವಿಗೆ ಎರಡು ವರ್ಷ ತುಂಬುತ್ತಿದ್ದಂತೆ "ಅಬ್ಬಾ, ಸೈಕಲ್ ಮೇಲೆ ಒಂದು ರೌಂಡ್" ಎಂಬ ಹಟ ಶುರುವಾಗುತ್ತದೆ. ಆಗ ಹಳೆಯದನ್ನು ರಿಪೇರಿ ಮಾಡಿಸುವುದೋ, ಹೊಸದನ್ನು ಕೊಳ್ಳುವುದೋ, ಮಗುವಿಗೇ ಒಂದು ಪುಟ್ಟ ಸೈಕಲ್ ಕೊಡಿಸುವುದೋ ಎಂಬ ಪ್ರಶ್ನೆ ಏಳುತ್ತದೆ. ಅಂಗಡಿಗೆ ಹೋದರೆ ನಮ್ಮ ಕಣ್ಣು ಬಣ್ಣ, ಗೇರ್, ಬೆಲೆಗಳ ಮೇಲೆ ಓಡುತ್ತದೆ. ಆದರೆ ಮಗುವಿನ ಜೊತೆ ಆಟದ ಸವಾರಿಗೆ ಸೈಕಲ್ ಆರಿಸುವಾಗ ಮೊದಲು ನೋಡಬೇಕಾದದ್ದು ಪಾದಗಳನ್ನು. ಸವಾರಿ ಮಾಡುವವರ ಎರಡೂ ಪಾದ ಸಲೀಸಾಗಿ ನೆಲಕ್ಕೆ ತಾಗಬೇಕು. ಮಗುವಿನ ಎರಡೂ ಪಾದ ಚಕ್ರದ ಕಡ್ಡಿಗೆ ಎಂದಿಗೂ ತಾಗಬಾರದು. ಈ ಎರಡು ಸರಿಯಿದ್ದರೆ ಉಳಿದದ್ದು ನಿಮ್ಮ ಇಷ್ಟ, ನಿಮ್ಮ ಶಕ್ತಿ.

ಸೈಕಲ್ ಏಕೆ ಬೇಕು?

ಮಕ್ಕಳು ಎಷ್ಟು ಹೊತ್ತು ಮೈ ಆಡಿಸಬೇಕು ಎಂಬುದರ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಮಾರ್ಗಸೂಚಿ ಹೊರಡಿಸಿದೆ. 1ರಿಂದ 4 ವರ್ಷದ ಮಕ್ಕಳು ದಿನಕ್ಕೆ ಒಟ್ಟು 180 ನಿಮಿಷವಾದರೂ ಓಡಾಡಿ ಆಡಬೇಕು. 3 ಮತ್ತು 4 ವರ್ಷದವರಿಗೆ ಅದರಲ್ಲಿ 60 ನಿಮಿಷ ಏದುಸಿರು ಬರುವಂಥ ಆಟವಿರಬೇಕು. ಮಗುವನ್ನು ಒಂದೇ ಸಮನೆ ಒಂದು ಗಂಟೆಗಿಂತ ಹೆಚ್ಚು ಕಟ್ಟಿ ಕೂರಿಸಬಾರದು. 2ರಿಂದ 4 ವರ್ಷದವರು ಪರದೆ ನೋಡುವುದು ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ದೊಡ್ಡವರಿಗೆ ವಾರಕ್ಕೆ 150 ನಿಮಿಷವಾದರೂ ಮಧ್ಯಮ ಶ್ರಮದ ಚಟುವಟಿಕೆ ಬೇಕು. ಸೈಕಲ್ ತುಳಿಯುವುದು ಅದರಲ್ಲಿ ಸೇರುತ್ತದೆ.

ಇಲ್ಲಿ ಒಂದು ಮಾತು ಗಮನಿಸಿ. ಸೀಟಿನಲ್ಲಿ ಕುಳಿತ ಮಗುವಿಗೆ ವ್ಯಾಯಾಮವಾಗುವುದಿಲ್ಲ. ವ್ಯಾಯಾಮವಾಗುವುದು ತುಳಿಯುವ ತಾಯಿಗೆ ಅಥವಾ ತಂದೆಗೆ. ಆದ್ದರಿಂದ ಸವಾರಿ ಅಂದರೆ ಮಗುವನ್ನು ಕೂರಿಸಿಕೊಂಡು ಊರು ಸುತ್ತುವುದಲ್ಲ. ಹತ್ತು ಹದಿನೈದು ನಿಮಿಷ ತುಳಿದು ಶಾಲೆಯ ಮೈದಾನಕ್ಕೋ ಹೊಲದ ದಾರಿಗೋ ಹೋಗಿ, ಅಲ್ಲಿ ಮಗುವನ್ನು ಇಳಿಸಿ, ಅರ್ಧ ಗಂಟೆ ಓಡಲು ಬಿಟ್ಟು, ಹಿಂದಿರುಗಬೇಕು. ಇಂಥ ಸವಾರಿಗೆ ವೇಗದ ಸೈಕಲ್ ಬೇಕಿಲ್ಲ. ಬೇಕೆಂದಲ್ಲಿ ನಿಲ್ಲುವ, ಸುಲಭವಾಗಿ ಹತ್ತಿ ಇಳಿಯಬಹುದಾದ ಸೈಕಲ್ ಸಾಕು.

ಕಡ್ಡಿಯಲ್ಲಿ ಸಿಕ್ಕುವ ಹಿಮ್ಮಡಿ

ಸೈಕಲ್ ಮೇಲೆ ಕೂತ ಚಿಕ್ಕ ಮಕ್ಕಳಿಗೆ ಆಗುವ ಗಾಯಗಳಲ್ಲಿ ಹೆಚ್ಚು ಸಾಮಾನ್ಯವಾದದ್ದು ಹಿಂಬದಿ ಚಕ್ರದ ಕಡ್ಡಿಗಳ ನಡುವೆ ಪಾದ ಸಿಕ್ಕುವುದು. ಮಗು ಕ್ಯಾರಿಯರ್ ಮೇಲೆ ಕಾಲು ಇಳಿಬಿಟ್ಟು ಕೂತಿರುತ್ತದೆ. ಕಾಲು ತೂಗಾಡಿಸುತ್ತದೆ, ಇಲ್ಲವೇ ತೂಕಡಿಸುತ್ತದೆ. ತಿರುಗುವ ಕಡ್ಡಿ ಹಿಮ್ಮಡಿಯನ್ನು ಎಳೆದುಕೊಂಡು ಸೈಕಲ್ಲಿನ ಕಬ್ಬಿಣದ ಚೌಕಟ್ಟಿಗೆ ಒತ್ತುತ್ತದೆ. ಕಡ್ಡಿ ಕೊಯ್ಯುತ್ತದೆ, ಚೌಕಟ್ಟು ಜಜ್ಜುತ್ತದೆ. ಹಿಮ್ಮಡಿಯ ಹಿಂಭಾಗದಲ್ಲಿ ಚರ್ಮ ತೆಳು. ಅದರ ಕೆಳಗೇ ಪಾದವನ್ನು ಎತ್ತಿ ಇಳಿಸುವ ದಪ್ಪ ನರಕಟ್ಟು ಇದೆ. ಗಾಯವಾದ ದಿನ ಸಣ್ಣದಾಗಿ ಕಂಡದ್ದು, ಜಜ್ಜಿದ ಚರ್ಮ ಸತ್ತು, ಎರಡು ಮೂರು ದಿನಗಳಲ್ಲಿ ಕಪ್ಪಾಗಿ ದೊಡ್ಡ ಹುಣ್ಣಾಗಬಹುದು. ಒಳಗೆ ಎಲುಬು ಸೀಳಿರಲೂಬಹುದು.

ಹೀಗಾದರೆ ಏನು ಮಾಡಬೇಕೆಂದು ಮನೆಯ ಎಲ್ಲರಿಗೂ ತಿಳಿದಿರಲಿ:

• ಸೈಕಲ್ ತಕ್ಷಣ ನಿಲ್ಲಿಸಿ. ಪಾದವನ್ನು ಜಗ್ಗಿ ಎಳೆಯಬೇಡಿ. ಕಡ್ಡಿಯನ್ನು ಅಗಲಿಸಿ, ಆಗದಿದ್ದರೆ ಪಕ್ಕಡದಿಂದ ಕತ್ತರಿಸಿ ಬಿಡಿಸಿ.
• ಹರಿಯುವ ಶುದ್ಧ ನೀರಿನಲ್ಲಿ ಗಾಯವನ್ನು ಚೆನ್ನಾಗಿ ತೊಳೆಯಿರಿ. ಅರಿಸಿನ, ಕಾಫಿ ಪುಡಿ, ಟೂತ್‌ಪೇಸ್ಟ್, ಸುಣ್ಣ ಯಾವುದನ್ನೂ ಹಚ್ಚಬೇಡಿ. ಅವು ಗಾಯವನ್ನು ಮುಚ್ಚಿಹಾಕಿ ವೈದ್ಯರಿಗೆ ಕಾಣದಂತೆ ಮಾಡುತ್ತವೆ, ಸೋಂಕಿಗೂ ದಾರಿಯಾಗುತ್ತವೆ.
• ರಕ್ತ ಬರುತ್ತಿದ್ದರೆ ಒಗೆದ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಕಾಲನ್ನು ದಿಂಬಿನ ಮೇಲೆ ಎತ್ತರಿಸಿ ಇಡಿ, ಮಗುವನ್ನು ನಡೆಸಬೇಡಿ.
• ಗಾಯ ಚಿಕ್ಕದಾದರೂ ಅದೇ ದಿನ ವೈದ್ಯರಿಗೆ ತೋರಿಸಿ. ಎಕ್ಸ್‌ರೇ ಬೇಕೇ ಎಂದು ಕೇಳಿ. ಲಸಿಕೆ ಕಾರ್ಡ್ ಜೊತೆಗೆ ಒಯ್ಯಿರಿ, ಧನುರ್ವಾಯು ಲಸಿಕೆ ಬೇಕೇ ಎಂಬುದನ್ನು ಅದನ್ನು ನೋಡಿ ನಿರ್ಧರಿಸುತ್ತಾರೆ. ಗಾಯ ದೊಡ್ಡದಾಗಿದ್ದರೆ 108ಕ್ಕೆ ಕರೆ ಮಾಡಿ.
• ಎರಡು ಮೂರು ದಿನಗಳ ಬಳಿಕ ಇನ್ನೊಮ್ಮೆ ತೋರಿಸಲು ಮರೆಯಬೇಡಿ.

ಇಷ್ಟು ದೊಡ್ಡ ಸಂಕಟವನ್ನು ತಡೆಯುವ ಉಪಾಯ ಚಿಕ್ಕದು. ಹಿಂಚಕ್ರದ ಎರಡೂ ಬದಿಗೆ ಜಾಳಿಗೆ ಅಥವಾ ತಗಡಿನ ಮುಚ್ಚಿಗೆ ಹಾಕಿಸಿ. ಅನೇಕ ಲೇಡೀಸ್ ಸೈಕಲ್‌ಗಳಲ್ಲಿ ಬಟ್ಟೆ ಸಿಕ್ಕದಿರಲೆಂದು ಜಾಳಿಗೆ ಇರುತ್ತದೆ. ಆದರೆ ಅದು ಚಕ್ರದ ಮೇಲ್ಭಾಗವನ್ನಷ್ಟೇ ಮುಚ್ಚುತ್ತದೆ. ಮಗುವಿನ ಕಾಲು ಇಳಿಯುವ ಜಾಗದವರೆಗೂ ಮುಚ್ಚಿದೆಯೇ ಎಂದು ಮಗುವನ್ನು ಕೂರಿಸಿಯೇ ನೋಡಬೇಕು.

ಮಗು ಎಲ್ಲಿ ಕೂರಬೇಕು?

ಒಂದು ವರ್ಷದೊಳಗಿನ ಮಗುವನ್ನು ಸೈಕಲ್ ಮೇಲೆ ಕೂರಿಸುವುದೇ ಬೇಡ. ಅದರ ಕುತ್ತಿಗೆಗೆ ದಾರಿಯ ಕುಲುಕಾಟವನ್ನೂ ಹೆಲ್ಮೆಟ್ಟಿನ ಭಾರವನ್ನೂ ತಾಳುವ ಶಕ್ತಿ ಬಂದಿರುವುದಿಲ್ಲ. ಮಡಿಲಲ್ಲೋ ಬೆನ್ನಿಗೋ ಕಟ್ಟಿಕೊಂಡು ಸೈಕಲ್ ತುಳಿಯುವುದೂ ಅಪಾಯವೇ. ಬಿದ್ದರೆ ಇಬ್ಬರೂ ಬೀಳುತ್ತೀರಿ, ಕೆಳಗೆ ಮಗುವೇ ಇರಬಹುದು.

ಒಂದು ವರ್ಷ ದಾಟಿದ, ಆಸರೆಯಿಲ್ಲದೆ ನೆಟ್ಟಗೆ ಕೂರಬಲ್ಲ ಮಗುವಿಗೆ ಬೆನ್ನೊರಗು ಇರುವ ಸೀಟು ಬೇಕು. ಯುರೋಪಿನ ಸುರಕ್ಷತಾ ಮಾನದಂಡದಂತೆ ಹ್ಯಾಂಡಲ್ ಬಳಿ ಕೂರಿಸುವ ಮುಂದಿನ ಸೀಟು 15 ಕಿಲೋ ತೂಕದವರೆಗೆ, ಹಿಂದಿನ ಸೀಟು 22 ಕಿಲೋ ತೂಕದವರೆಗೆ. ಸೀಟು ಕೊಳ್ಳುವಾಗ ನಾಲ್ಕು ಸಂಗತಿ ನೋಡಿ: ಎರಡೂ ಭುಜದ ಮೇಲಿಂದ ಬರುವ ಪಟ್ಟಿ, ಕಾಲಿನ ಎರಡೂ ಬದಿಗೆ ಗೋಡೆಯಂಥ ರಕ್ಷೆ, ಪಾದ ಊರಲು ಜಾಗ, ಪಾದವನ್ನು ಹಿಡಿದಿಡುವ ಚಿಕ್ಕ ಪಟ್ಟಿ. ಮಗುವಿಗೆ ಚಪ್ಪಲಿ ಬೇಡ, ಬೆರಳು ಹಿಮ್ಮಡಿ ಎರಡೂ ಮುಚ್ಚುವ ಬೂಟು ಹಾಕಿ.

ನಮ್ಮ ಪೇಟೆಗಳಲ್ಲಿ ಅಗ್ಗಕ್ಕೆ ಸಿಗುವುದು ಮುಂದಿನ ಡಂಡಿಗೆ ಬಿಗಿಯುವ ಚಿಕ್ಕ ಕಬ್ಬಿಣದ ಸೀಟು, ಅಥವಾ ಕ್ಯಾರಿಯರ್ ಮೇಲೆ ಹಾಕುವ ಮೆತ್ತೆ. ಇವಕ್ಕೆ ಪಟ್ಟಿಯೂ ಇಲ್ಲ, ಪಾದಕ್ಕೆ ರಕ್ಷೆಯೂ ಇಲ್ಲ. ಮೆತ್ತೆಯಿಂದ ಮಗುವಿಗೆ ಸುಖವಾಗುತ್ತದೆಯೇ ಹೊರತು ಅದು ಅಪಾಯವನ್ನು ತಡೆಯುವುದಿಲ್ಲ. ದುಡ್ಡು ಕಡಿಮೆಯಿದ್ದರೆ ಸೈಕಲ್ ಹಳೆಯದಿರಲಿ, ಸೀಟಿಗೆ ಖರ್ಚು ಮಾಡಿ. ಕ್ಯಾರಿಯರ್ ಮೇಲೆ ಎಷ್ಟು ಕಿಲೋ ಹೇರಬಹುದೆಂದು ಕೇಳಿಯೇ ಸೀಟು ಕೂರಿಸಿ. ತುಕ್ಕು ಹಿಡಿದ ಕ್ಯಾರಿಯರ್ ಬದಲಿಸಿ.

ಕೋಪನ್‌ಹೇಗನ್, ಆಮ್‌ಸ್ಟರ್‌ಡ್ಯಾಮ್‌ಗಳಲ್ಲಿ ತಂದೆತಾಯಿಗಳು ಮುಂದೆ ದೊಡ್ಡ ಪೆಟ್ಟಿಗೆಯಿರುವ ಸೈಕಲ್‌ನಲ್ಲಿ ಮಕ್ಕಳನ್ನು ಒಯ್ಯುತ್ತಾರೆ. ಅಲ್ಲಿ ಸೈಕಲ್‌ಗೆ ಬೇರೆ ದಾರಿಯೇ ಇದೆ. ನಮ್ಮ ಓಣಿಗಳಿಗೂ ಹೊಲದ ದಾರಿಗಳಿಗೂ ಗಟ್ಟಿಯಾದ ಲೇಡೀಸ್ ಸೈಕಲ್ಲೇ ಹೆಚ್ಚು ಅನುಕೂಲ.

ಸವಾರಿ ಮಾಡುವವರ ಸೈಕಲ್ ಹೇಗಿರಬೇಕು?

ಮೊದಲ ಪರೀಕ್ಷೆ: ಸೀಟಿನ ಮೇಲೆ ಕೂತು ಎರಡೂ ಪಾದಗಳನ್ನು ನೆಲಕ್ಕೆ ಊರಿ. ಹೆಬ್ಬೆರಳ ತುದಿ ಮಾತ್ರ ತಾಗಿದರೆ ಸೀಟು ಇಳಿಸಿ. ಇಳಿಸಿಯೂ ಆಗದಿದ್ದರೆ ಆ ಸೈಕಲ್ ಬೇಡ. ಒಬ್ಬರೇ ದೂರ ತುಳಿಯುವವರು ಸೀಟನ್ನು ಎತ್ತರಿಸಿಕೊಳ್ಳುವುದು ಸರಿ. ಆದರೆ ಹಿಂದೆ 12 ಕಿಲೋದ ಮಗು ಕೂತು ಪಕ್ಕಕ್ಕೆ ವಾಲಿದಾಗ ನಿಮ್ಮನ್ನು ಉಳಿಸುವುದು ನೆಲಕ್ಕೂರಿದ ಪಾದವೇ.

ಎರಡನೆಯದು ಚೌಕಟ್ಟು. ನಡುವೆ ಅಡ್ಡ ಡಂಡಿಯಿದ್ದರೆ ಹಿಂದಿನ ಸೀಟಿನಲ್ಲಿ ಮಗುವಿರುವಾಗ ಕಾಲನ್ನು ಹಿಂದಿನಿಂದ ಎತ್ತಿ ಹಾಕಲು ಆಗುವುದಿಲ್ಲ. ಅಡ್ಡ ಡಂಡಿಯಿಲ್ಲದ, ತಗ್ಗಾದ ಚೌಕಟ್ಟು ತಾಯಂದಿರಿಗಷ್ಟೇ ಅಲ್ಲ, ತಂದೆಯಂದಿರಿಗೂ ಒಳ್ಳೆಯದು. ಲೇಡೀಸ್ ಸೈಕಲ್ ಎಂದು ನಾಚುವುದು ಬೇಡ.

ಮೂರನೆಯದು ಬ್ರೇಕು. ಎರಡೂ ಬ್ರೇಕು ಬೇರೆ ಬೇರೆಯಾಗಿ ಹಿಡಿಯಬೇಕು. ಒಂದನ್ನೇ ಒತ್ತಿ ಸೈಕಲ್ಲನ್ನು ಮುಂದಕ್ಕೆ ನೂಕಿ ನೋಡಿ, ಚಕ್ರ ಉರುಳಬಾರದು. ಹಳೆಯ ಸೈಕಲ್‌ನಲ್ಲಿ ಬ್ರೇಕ್ ರಬ್ಬರ್ ಗಟ್ಟಿಯಾಗಿ ಜಾರುತ್ತದೆ. ಅದನ್ನು ಬದಲಿಸಲು ಹೆಚ್ಚು ಖರ್ಚಿಲ್ಲ.

ನಾಲ್ಕನೆಯದು ನಮ್ಮ ನೆಲಕ್ಕೆ ಸಂಬಂಧಿಸಿದ್ದು. ಗದಗ ಸೀಮೆಯ ಎರೆಮಣ್ಣು ಮಳೆಯಲ್ಲಿ ಅಂಟಾಗಿ ಚಕ್ರ ಮತ್ತು ಮಡ್‌ಗಾರ್ಡ್ ನಡುವೆ ಸೇರಿಕೊಂಡು ಚಕ್ರವನ್ನೇ ಕಚ್ಚಿ ನಿಲ್ಲಿಸುತ್ತದೆ. ಆದ್ದರಿಂದ ಅವೆರಡರ ನಡುವೆ ಬೆರಳು ಆಡುವಷ್ಟು ಜಾಗವಿರಲಿ. ಮಳೆ ಬಂದ ದಿನ ಹೊಲದ ದಾರಿ ಬಿಡಿ. ಬೇಸಿಗೆಯಲ್ಲಿ ದಾರಿಬದಿಯ ಜಾಲಿ ಮುಳ್ಳು ಪಂಕ್ಚರ್ ಮಾಡುತ್ತದೆ. ತೀರ ತೆಳು ಟಯರ್‌ಗಿಂತ ಸ್ವಲ್ಪ ಅಗಲವಾದ, ಹಲ್ಲು ಸವೆಯದ ಟಯರ್ ಒಳ್ಳೆಯದು. ದಾರಿ ಸಮತಟ್ಟಾಗಿದ್ದರೆ ಗೇರಿನ ಅಗತ್ಯವಿಲ್ಲ. ಗೇರಿಲ್ಲದ ಸೈಕಲ್ಲನ್ನು ಯಾವ ಊರಿನ ಪಂಕ್ಚರ್ ಅಂಗಡಿಯವರೂ ದುರಸ್ತಿ ಮಾಡಬಲ್ಲರು.

ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಕಪ್ಪತಗುಡ್ಡದ ಸುತ್ತ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನುಗಾಳಿ ಇರುವ ದಾರಿ ಆರಿಸಿಕೊಂಡರೆ ದಣಿದು ಹಿಂದಿರುಗುವಾಗ ಗಾಳಿಯೇ ನೂಕುತ್ತದೆ.

ಬಟ್ಟೆಯ ಎಚ್ಚರ

ದುಪಟ್ಟಾ, ಬುರ್ಖಾ, ಸೀರೆಯ ಸೆರಗು ಯಾವುದೇ ಇರಲಿ, ತುದಿ ಹಾರಾಡಬಾರದು. ಚಕ್ರಕ್ಕೆ ಸಿಕ್ಕಿದ ದುಪಟ್ಟಾ ಕ್ಷಣದಲ್ಲಿ ಕುತ್ತಿಗೆಗೆ ಉರುಳಾಗುತ್ತದೆ. ಪ್ರಾಣಕ್ಕೇ ಅಪಾಯವಾಗುವಂಥ ಗಾಯಗಳು ಹೀಗೆ ಆಗುತ್ತವೆ. ದುಪಟ್ಟಾದ ಎರಡೂ ತುದಿಗಳನ್ನು ಮುಂದಕ್ಕೆ ತಂದು ಪಿನ್ ಹಾಕಿ, ಇಲ್ಲವೇ ಸೊಂಟಕ್ಕೆ ಸಿಕ್ಕಿಸಿ. ಬುರ್ಖಾದ ಕೆಳ ಅಂಚು ಪೆಡಲಿಗೂ ಚೈನಿಗೂ ತಾಗದಷ್ಟು ಮೇಲಿರಲಿ, ಒಳಗೆ ಸಲ್ವಾರ್ ಇರಲಿ. ಚೈನನ್ನು ಪೂರ್ತಿ ಮುಚ್ಚುವ ಚೈನ್ ಕವರ್ ಹಾಕಿಸಿದರೆ ಬಟ್ಟೆಯೂ ಉಳಿಯುತ್ತದೆ, ಮಗುವಿನ ಬೆರಳೂ ಉಳಿಯುತ್ತದೆ. ಮಗುವಿನ ಕೊರಳಿಗೆ ದಾರ, ತಾಯಿತ, ಮಫ್ಲರ್ ಯಾವುದೂ ಇರಬಾರದು.

ತಲೆಗೆ ಹೆಲ್ಮೆಟ್

ಮೋಟಾರ್ ಬೈಕ್ ಮೇಲೆ 9 ತಿಂಗಳಿನಿಂದ 4 ವರ್ಷದವರೆಗಿನ ಮಗುವನ್ನು ಒಯ್ಯುವಾಗ ಸವಾರನಿಗೆ ಕಟ್ಟುವ ಸುರಕ್ಷಾ ಪಟ್ಟಿ, ಮಗುವಿನ ಅಳತೆಯ ಹೆಲ್ಮೆಟ್, 40 ಕಿಲೋಮೀಟರ್ ಮೀರದ ವೇಗ ಈ ಮೂರನ್ನೂ ಕೇಂದ್ರ ಸರ್ಕಾರ 2022ರ ಫೆಬ್ರವರಿಯಲ್ಲಿ ಹೊರಡಿಸಿದ ನಿಯಮ ಕಡ್ಡಾಯ ಮಾಡಿದೆ. ಅದು 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಸೈಕಲ್ಲಿಗೆ ಆ ನಿಯಮವಿಲ್ಲ, ಆದರೆ ನೆಲ ಅಷ್ಟೇ ಗಟ್ಟಿ. ಮಕ್ಕಳ ಹಗುರ ಸೈಕಲ್ ಹೆಲ್ಮೆಟ್ ಕೊಡಿಸಿ. ಅದು ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು, ಹಿಂದಕ್ಕೆ ಜರುಗಬಾರದು. ಗದ್ದದ ಕೆಳಗಿನ ಪಟ್ಟಿಯಲ್ಲಿ ಒಂದೆರಡು ಬೆರಳಷ್ಟೇ ತೂರಬೇಕು. ದಪ್ಪ ಟೋಪಿಯ ಮೇಲೆ, ಜಡೆಯ ಗಂಟಿನ ಮೇಲೆ ಹೆಲ್ಮೆಟ್ ಕೂರುವುದಿಲ್ಲ. ತೆಳುವಾದ ಸ್ಕಾರ್ಫ್ ಇದ್ದರೆ ತೊಂದರೆಯಿಲ್ಲ. ಹೆಲ್ಮೆಟ್ ನೀವೂ ಹಾಕಿಕೊಂಡರೆ ಮಗು ತಕರಾರು ಮಾಡುವುದಿಲ್ಲ.

ಮೊದಲ ಸವಾರಿಗೆ ಮುನ್ನ

ಸೀಟು ಕೂರಿಸಿದ ದಿನವೇ ಮಗುವನ್ನು ಹತ್ತಿಸಬೇಡಿ. ಹತ್ತು ಕಿಲೋ ಜೋಳದ ಚೀಲವನ್ನು ಸೀಟಿಗೆ ಬಿಗಿದು ಮೈದಾನದಲ್ಲಿ ಎರಡು ಮೂರು ಸಂಜೆ ತುಳಿಯಿರಿ. ಹೊರಡುವುದು, ತಿರುಗುವುದು, ಥಟ್ಟನೆ ನಿಲ್ಲಿಸುವುದು ರೂಢಿಯಾಗಲಿ. ಬಹಳ ವರ್ಷಗಳ ಬಳಿಕ ಸೈಕಲ್ ಹತ್ತುವ ತಾಯಂದಿರಿಗೆ ಇದು ತುಂಬಾ ಮುಖ್ಯ. ಗರ್ಭಿಣಿಯರು ಮಗುವನ್ನು ಕೂರಿಸಿಕೊಂಡು ತುಳಿಯುವುದು ಬೇಡ, ಮೈಯ ತೋಲ ಬದಲಾಗಿರುತ್ತದೆ.

ಮಗುವನ್ನು ಸೀಟಿನಲ್ಲಿ ಕೂರಿಸಿ, ಸ್ಟ್ಯಾಂಡ್ ಹಾಕಿ, ಕಿರಾಣಿ ಅಂಗಡಿಯೊಳಗೆ ಹೋಗಬೇಡಿ. ನಿಂತ ಸೈಕಲ್ ಉರುಳಿಯೇ ಅನೇಕ ಮಕ್ಕಳ ತಲೆಗೆ ಪೆಟ್ಟಾಗುತ್ತದೆ. ಎಲ್ಲ ಸಿದ್ಧವಾದ ಮೇಲೆ ಮಗುವನ್ನು ಕೊನೆಗೆ ಹತ್ತಿಸಿ. ನಿಲ್ಲಿಸಿದ ಮೇಲೆ ಮೊದಲು ಇಳಿಸಿ. ಹುಬ್ಬಳ್ಳಿ–ಹೊಸಪೇಟೆ ಹೆದ್ದಾರಿಯಂಥ ರಸ್ತೆಗೆ ಮಗುವಿನೊಂದಿಗೆ ಹೋಗಲೇಬೇಡಿ. ಬೆಳಿಗ್ಗೆ ಬಿಸಿಲೇರುವ ಮೊದಲು, ಸಂಜೆ ಅಸರ್ ನಮಾಝಿನ ನಂತರ ಹೊರಟು ಮಗ್ರಿಬ್‌ಗೆ ಸಾಕಷ್ಟು ಮುಂಚೆ, ಬೆಳಕಿರುವಾಗಲೇ ಮನೆ ಸೇರಿ. ಸೀಟಿನಲ್ಲಿ ಕೂತ ಮಗು ಬೆವರುವುದಿಲ್ಲವೆಂದು ಮರೆಯಬೇಡಿ, ಅದಕ್ಕೂ ಬಾಯಾರುತ್ತದೆ. ನೀರಿನ ಬಾಟಲಿ ಜೊತೆಗಿರಲಿ. ರಮಝಾನಿನಲ್ಲಿ ಉಪವಾಸವಿರುವವರು ಮಧ್ಯಾಹ್ನದ ಬಿಸಿಲಿನಲ್ಲಿ ಮಗುವನ್ನು ಹೊತ್ತು ತುಳಿಯುವುದು ಬೇಡ, ತಲೆ ತಿರುಗಿದರೆ ಇಬ್ಬರೂ ಬೀಳುತ್ತೀರಿ.

ಮಗುವಿನದೇ ಸೈಕಲ್

ಮೂರು ವರ್ಷದ ಸುಮಾರಿಗೆ ಮಗುವಿಗೆ ತಾನೇ ತುಳಿಯುವ ಆಸೆ ಬರುತ್ತದೆ. "ಬೆಳೆಯುವ ಮಗು, ಒಂದಳತೆ ದೊಡ್ಡದೇ ಇರಲಿ" ಎಂದು ಬಟ್ಟೆ ಹೊಲಿಸಿದಂತೆ ಸೈಕಲ್ ಕೊಳ್ಳಬೇಡಿ. ಇಲ್ಲಿಯೂ ಪಾದವೇ ಅಳತೆ. ಸೀಟಿನಲ್ಲಿ ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ಊರಬೇಕು. ಸಾಮಾನ್ಯವಾಗಿ 3-4 ವರ್ಷಕ್ಕೆ 12 ಇಂಚಿನ ಚಕ್ರ, 5-6 ವರ್ಷಕ್ಕೆ 16 ಇಂಚಿನ ಚಕ್ರ ಹೊಂದುತ್ತದೆ. ವಯಸ್ಸಿಗಿಂತ ಕಾಲಿನ ಉದ್ದ ನೋಡಿ.

ಪಕ್ಕದ ಎರಡು ಪುಟ್ಟ ಚಕ್ರಗಳು ಮಗುವಿಗೆ ತುಳಿಯುವುದನ್ನು ಕಲಿಸುತ್ತವೆ, ತೋಲವನ್ನು ಕಲಿಸುವುದಿಲ್ಲ. ತೋಲ ಕಲಿಯಲು ಸುಲಭದ ದಾರಿ ಬೇರೆ ಇದೆ. ಆ ಪುಟ್ಟ ಚಕ್ರಗಳನ್ನೂ ಎರಡೂ ಪೆಡಲ್‌ಗಳನ್ನೂ ಬಿಚ್ಚಿ, ಸೀಟು ತಗ್ಗಿಸಿ. ಮಗು ಕೂತುಕೊಂಡೇ ಪಾದಗಳಿಂದ ನೆಲವನ್ನು ನೂಕುತ್ತಾ ಓಡಲಿ. ಕೆಲವು ವಾರಗಳಲ್ಲಿ ಎರಡೂ ಪಾದ ಎತ್ತಿ ಜಾರಲು ಕಲಿಯುತ್ತದೆ. ಆಗ ಪೆಡಲ್ ಮರಳಿ ಹಾಕಿ. ಬಿಚ್ಚುವಾಗ ನೆನಪಿಡಿ: ಬಲಗಡೆಯ ಪೆಡಲ್ ಎಲ್ಲ ತಿರುಪಿನಂತೆ ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆ, ಎಡಗಡೆಯದು ಬಲಕ್ಕೆ ತಿರುಗಿಸಿದರೆ ಮಾತ್ರ ಬಿಚ್ಚುತ್ತದೆ.

ಎಲ್ಲರೂ ಕೂಡಿ ಒಂದು

ಮಗುವಿನ ಸೀಟಾಗಲಿ, 12 ಇಂಚಿನ ಸೈಕಲ್ಲಾಗಲಿ ಒಂದು ಮಗುವಿಗೆ ಬೇಕಾಗುವುದು ಎರಡು ಮೂರು ವರ್ಷ ಮಾತ್ರ. ಆಮೇಲೆ ಅದು ಅಟ್ಟ ಸೇರುತ್ತದೆ. ಇದಕ್ಕೆ ಪರಿಹಾರವನ್ನು ಕಣಗಿನಹಾಳದವರಿಗೆ ಹೊರಗಿನವರು ಹೇಳಿಕೊಡಬೇಕಿಲ್ಲ. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳ್ತನದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಈ ಊರಿನಲ್ಲಿಯೇ. ಒಬ್ಬೊಬ್ಬರಿಂದ ಆಗದ್ದನ್ನು ಕೂಡಿ ಮಾಡುವ ಆ ಬುದ್ಧಿ ಓಣಿಯ ಮಟ್ಟದಲ್ಲೂ ನಡೆಯುತ್ತದೆ. ನಾಲ್ಕೈದು ಮನೆಯವರು ಸೇರಿ ಒಂದು ಒಳ್ಳೆಯ ಹಿಂಸೀಟು, ಒಂದು ಚಿಕ್ಕ ಸೈಕಲ್ ಕೊಂಡು, ಮಗು ಬೆಳೆದಂತೆ ಮುಂದಿನ ಮನೆಗೆ ದಾಟಿಸಬಹುದು. ಪಡೆದವರು ಪಟ್ಟಿ, ಬೋಲ್ಟ್‌ಗಳನ್ನು ಪರೀಕ್ಷಿಸಿಕೊಳ್ಳಲಿ. ಹೆಲ್ಮೆಟ್ ಮಾತ್ರ ಪ್ರತಿ ಮಗುವಿಗೂ ಬೇರೆಯಿರಲಿ. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಒಡೆದಿರಬಹುದು. ಜೊತೆಗೆ ತಲೆಯ ಹೇನು, ಹುಣ್ಣುಗಳೂ ಅದರ ಮೂಲಕ ಹರಡಬಹುದು.

ಈ ಶುಕ್ರವಾರ ಬಿಡುವಾದಾಗ ಗೋಡೆಗೊರಗಿದ ಸೈಕಲ್ಲನ್ನು ಹೊರತನ್ನಿ. ಧೂಳು ಒರೆಸಿ, ಗಾಳಿ ತುಂಬಿ, ಬ್ರೇಕ್ ಒತ್ತಿ, ಚೈನಿಗೆ ಎಣ್ಣೆ ಬಿಡಿ. ಮಗುವನ್ನು ಸೀಟಿನಲ್ಲಿ ಕೂರಿಸಿ ಒಬ್ಬರು ಗಟ್ಟಿಯಾಗಿ ಹಿಡಿದುಕೊಳ್ಳಿ. ಇನ್ನೊಬ್ಬರು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಹಿಂಚಕ್ರವನ್ನು ಮಗುವಿನ ಎತ್ತರದಿಂದ ನೋಡಿ. ಆ ಪುಟ್ಟ ಪಾದ ಕಡ್ಡಿಯ ಕಡೆಗೆ ಹೋಗಬಹುದಾದ ಸಂದು ಒಂದಾದರೂ ಕಂಡರೆ, ಅದು ಮುಚ್ಚುವವರೆಗೆ ಸವಾರಿ ಬೇಡ.